ಸ್ವಯಂ ನಿವೃತ್ತಿ ಅಂದರೆ ಎಂತ?

ಉಳ್ಳಾಲದ ನಮ್ಮ ತರಗತಿಗೆ ಬರುವ ಅಕ್ಕ ಒಬ್ಬರು ಮೊನ್ನೆ ಒಂದು ಕಾಗದ ತಂದರು. ಬೀಡಿ ಎಲೆಯ ಕಟ್ಟಿನ ಅಡಿಯಲ್ಲಿ ಮಡಚಿ ಇಟ್ಟಿದ್ದ ಕಾಗದ. ಅವರ ಯಜಮಾನರು ಪೋಸ್ಟ್‌ಮ್ಯಾನ್. ವಯಸ್ಸು 55. ಮೊಣಕಾಲು ನೋವು. ಕೆಲಸ ಬಿಡುತ್ತೇನೆಂದು ಅವರೇ ಕೈಯಿಂದ ಬರೆದ ಅರ್ಜಿ ಅದು. ಇನ್ನೂ ಕೊಟ್ಟಿರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ "ಸ್ವಯಂ ನಿವೃತ್ತಿ" ಎಂದು ಇತ್ತು. ಅಕ್ಕ ಅದನ್ನು ಕೂಡಿಸಿ ಕೂಡಿಸಿ ಓದಿದರು.

"ಟೀಚರೇ, ಓದ್ಲಿಕ್ಕೆ ಬಂತು. ಅರ್ಥ ಆಗಲಿಲ್ಲ. ಬೇಗ ಕೆಲಸ ಬಿಟ್ಟರೆ ಸರ್ಕಾರ ದೊಡ್ಡ ಇಡಿಗಂಟು ಕೊಡ್ತದಂತೆ. ಟೆಲಿಫೋನಿನವರಿಗೆ ಕೊಟ್ಟಿದ್ದಾರಂತೆ. ಮಗಳ ಮದುವೆಗೆ ಆಗ್ತದೆ ಅಂತ ಇವರು ಹೇಳ್ತಾರೆ. ಹೌದಾ?"

(ಅಕ್ಕ ಹೇಳಿದ್ದು ತುಳುವಿನಲ್ಲಿ. ನಾವು ಕನ್ನಡದಲ್ಲಿ ಬರೆದಿದ್ದೇವೆ.)

ಟೆಲಿಫೋನಿನವರಿಗೆ ಕೊಟ್ಟದ್ದು ಹೌದು. ಹಿಂದೆ ಅಂಚೆ ಮತ್ತು ತಂತಿ ಒಂದೇ ಇಲಾಖೆ ಆಗಿತ್ತು. 1985ರಲ್ಲಿ ಎರಡು ಪಾಲಾಯಿತು. 2000ದಲ್ಲಿ ಟೆಲಿಫೋನಿನ ಕೆಲಸ ಬಿ.ಎಸ್.ಎನ್.ಎಲ್. ಎಂಬ ಸರ್ಕಾರಿ ಕಂಪನಿಗೆ ಹೋಯಿತು. ಮುಂದೆ ಆ ಕಂಪನಿ ನಷ್ಟಕ್ಕೆ ಬಿತ್ತು. 2019ರಲ್ಲಿ ಸಂಬಳ ಕೂಡ ತಡವಾಗಿ ಬರುತ್ತಿತ್ತು. ಜನ ಕಡಿಮೆ ಮಾಡಬೇಕೆಂದು ಆ ವರ್ಷದ ನವೆಂಬರ್‌ನಲ್ಲಿ ಒಂದು ಯೋಜನೆ ತಂದರು. 50 ದಾಟಿದ ನೌಕರರು ತಾವಾಗಿ ಕೆಲಸ ಬಿಡಬಹುದು. ಬಿಟ್ಟರೆ ದುಡಿದ ಒಂದೊಂದು ವರ್ಷಕ್ಕೆ 35 ದಿನದ ಸಂಬಳ, ಉಳಿದ ಒಂದೊಂದು ವರ್ಷಕ್ಕೆ 25 ದಿನದ ಸಂಬಳ ಎಂದು ಲೆಕ್ಕ ಹಾಕಿ ಹೆಚ್ಚಿನ ಹಣ ಕೊಡುತ್ತೇವೆ ಎಂದರು. ಸುಮಾರು 78,500 ಮಂದಿ ಒಪ್ಪಿದರು. 2020ರ ಜನವರಿ 31ಕ್ಕೆ ಅಷ್ಟೂ ಮಂದಿ ಒಂದೇ ದಿನ ಮನೆಗೆ ಬಂದರು!

ಆ ಯೋಜನೆ ಬಿ.ಎಸ್.ಎನ್.ಎಲ್.ನವರಿಗೆ ಮತ್ತು ಮುಂಬಯಿ, ದೆಹಲಿಯ ಟೆಲಿಫೋನ್ ಕಂಪನಿಯವರಿಗೆ ಮಾತ್ರ. ಅಂಚೆಯವರಿಗೆ ಅಲ್ಲ.

ಹಾಗಾದರೆ ಅಕ್ಕನ ಯಜಮಾನರ ಅರ್ಜಿ ಎಂತದ್ದು? ಅಂಚೆಯವರು ಕೇಂದ್ರ ಸರ್ಕಾರದ ನೌಕರರು. 60 ವರ್ಷಕ್ಕೆ ನಿವೃತ್ತಿ. ಆದರೆ 20 ವರ್ಷ ಸೇವೆ ಆದವರು ಮೂರು ತಿಂಗಳು ಮೊದಲು ನೋಟಿಸು ಕೊಟ್ಟು ಬೇಗ ಬಿಡಬಹುದು. ಇದು ಎಷ್ಟೋ ವರ್ಷದಿಂದ ಇರುವ ನಿಯಮ. ಇದಕ್ಕೂ ಸ್ವಯಂ ನಿವೃತ್ತಿ ಎಂದೇ ಹೆಸರು. ಹೆಸರು ಒಂದೇ, ಹಣ ಒಂದೇ ಅಲ್ಲ. ಇದರಲ್ಲಿ ಹೆಚ್ಚಿನ ಇಡಿಗಂಟು ಇಲ್ಲ.

"ಹಾಗಾದ್ರೆ ಲಕ್ಷ ಲಕ್ಷ ಬರುವುದು ಸುಳ್ಳಾ?" ಎಂದು ಕೇಳಿದರು ಅಕ್ಕ.

ಸುಳ್ಳಲ್ಲ. ಗ್ರಾಚ್ಯುಟಿ ಬರುತ್ತದೆ. ಭವಿಷ್ಯ ನಿಧಿ ಬರುತ್ತದೆ. ಮಾಡದೆ ಉಳಿಸಿದ ರಜೆಯ ಹಣ ಬರುತ್ತದೆ. ಆದರೆ ಇದು ನಿಮ್ಮ ಬೀಡಿಯ ಪಿ.ಎಫ್. ಇದ್ದ ಹಾಗೆ. ದುಡಿದು ಗಳಿಸಿದ ಹಣ. 60ಕ್ಕೆ ಬಿಟ್ಟರೂ ಸಿಗುತ್ತದೆ, ಆಗ ಇನ್ನೂ ಸ್ವಲ್ಪ ಜಾಸ್ತಿಯೇ ಸಿಗುತ್ತದೆ.

ನಾವೆಲ್ಲ ಕೂತು ಲೆಕ್ಕ ಹಾಕಿದೆವು. ಮೂಲ ವೇತನ 40,000 ರೂಪಾಯಿ ಎಂದು ಇಟ್ಟುಕೊಳ್ಳಿ. ಪಿಂಚಣಿ ಅದರ ಅರ್ಧ, 20,000. ಅದರ ಮೇಲೆ ತುಟ್ಟಿಭತ್ಯೆ. ಅಂದರೆ ಐದು ವರ್ಷ ಪೂರ್ತಿ ಸಂಬಳದ ಬದಲು ಅರ್ಧ ಸಂಬಳದಲ್ಲಿ ಮನೆ ನಡೆಯಬೇಕು. ವರ್ಷ ವರ್ಷ ಏರುವ ಸಂಬಳವೂ ಅಲ್ಲಿಗೇ ನಿಂತಿತು.

ಇನ್ನೊಂದು ಉಂಟು. ಪಿಂಚಣಿಯ ನೂರರಲ್ಲಿ 40 ಪಾಲಿನವರೆಗೆ ಮಾರಿ ಒಮ್ಮೆಗೇ ಹಣ ತೆಗೆಯಬಹುದು. ಇದಕ್ಕೆ ಕಮ್ಯುಟೇಶನ್ ಎನ್ನುತ್ತಾರೆ. ಅಷ್ಟೂ ಮಾರಿದರೆ 20,000ದಲ್ಲಿ ತಿಂಗಳಿಗೆ 8,000 ಕಡಿತ. ಕಡಿತ ಒಂದೆರಡು ವರ್ಷಕ್ಕಲ್ಲ, 15 ವರ್ಷಕ್ಕೆ! ಮಗಳ ಮದುವೆ ಎರಡು ದಿನದಲ್ಲಿ ಮುಗಿಯುತ್ತದೆ. ಇದು ಹೇಳಲು ನಮಗೇ ಕಷ್ಟವಾಯಿತು. ಆದರೆ ಹೇಳಿದೆವು.

ಅಕ್ಕಂದಿರೇ, ನೀವು ಮುಖ್ಯವಾಗಿ ಕೇಳಬೇಕಾದ್ದು ಈಗ ಬರುತ್ತದೆ. ಯಜಮಾನರು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಸಿಗುತ್ತದೆ. ಕೊನೆಯ ಮೂಲ ವೇತನದ ನೂರರಲ್ಲಿ 30 ಪಾಲು. 40,000ಕ್ಕೆ 12,000, ಮತ್ತೆ ತುಟ್ಟಿಭತ್ಯೆ. ಕೊನೆಯ ವೇತನ ಕಡಿಮೆ ಇರುವಾಗ ಕೆಲಸ ಬಿಟ್ಟರೆ ಇದೂ ಕಡಿಮೆ. ಅರ್ಜಿ ಬರೆಯುವವರು ಅವರು, ಆದರೆ ಅದರ ಲೆಕ್ಕ ನಿಮ್ಮ ಮುಪ್ಪಿಗೂ ಸೇರಿದ್ದು.

ಈ ಲೆಕ್ಕ 2004ರ ಜನವರಿ 1ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರದ್ದು. ಆಮೇಲೆ ಸೇರಿದವರದ್ದು ಬೇರೆ. ಹಳ್ಳಿಯ ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರಿಗೆ ಈ ಪಿಂಚಣಿ ನಿಯಮವೇ ಇಲ್ಲ. ಅವರ ಕೆಲಸ 65ರವರೆಗೆ.

ಹಾಗೆಂದು ಕೆಲಸ ಬಿಡಲೇಬಾರದು ಎಂದು ನಾವು ಹೇಳುವುದಿಲ್ಲ. ಕಾಲು ಎಳೆದುಕೊಂಡು ಬಿಸಿಲಲ್ಲಿ ಮಳೆಯಲ್ಲಿ ಕಾಗದ ಹಂಚುವವರ ಕಷ್ಟ ಅವರಿಗೇ ಗೊತ್ತು. ನೋವಿಗಾಗಿ ಬಿಡುವುದಾದರೆ ಅದು ಸರಿಯಾದ ಕಾರಣ. ಇಲ್ಲದ ಇಡಿಗಂಟನ್ನು ನಂಬಿ ಬಿಡುವುದು ಬೇರೆ ಮಾತು. ನೋಟಿಸು ಕೊಟ್ಟ ಮೇಲೂ ನಿವೃತ್ತಿಯ ದಿನದ ಮೊದಲು ಹಿಂದೆ ತೆಗೆದುಕೊಳ್ಳಲು ಕೇಳಬಹುದು. ಮೇಲಿನವರು ಒಪ್ಪಬೇಕು. ಆ ದಿನ ದಾಟಿದರೆ ಮುಗಿಯಿತು.

ಬಿಟ್ಟವರು ಕೈಗೆ ಬಂದ ಹಣವನ್ನು ಎಲ್ಲಿ ಇಡಬೇಕು? ಅಂಚೆ ಕಚೇರಿಯಲ್ಲೇ ಹಿರಿಯ ನಾಗರಿಕರ ಉಳಿತಾಯ ಯೋಜನೆ ಉಂಟು. ಸಾಮಾನ್ಯವಾಗಿ 60 ಆಗಬೇಕು. ಸ್ವಯಂ ನಿವೃತ್ತಿ ಪಡೆದವರಿಗೆ 55 ಆದರೆ ಸಾಕು, ಆದರೆ ಹಣ ಸಿಕ್ಕಿದ ಮೂರು ತಿಂಗಳೊಳಗೆ ಇಡಬೇಕು. 2025ರಲ್ಲಿ ಇದರ ಬಡ್ಡಿ ನೂರಕ್ಕೆ 8.2. ಹತ್ತು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ.

ಅಕ್ಕ ಆ ಅರ್ಜಿಯ ಹಿಂಬದಿಯಲ್ಲೇ ಲೆಕ್ಕ ಬರೆದುಕೊಂಡರು. 20,000. 8,000. 12,000. ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದರು. "ಇವತ್ತು ರಾತ್ರಿ ಊಟ ಆದ ಮೇಲೆ ಇವರಿಗೆ ನಾನೇ ಓದಿ ಹೇಳ್ತೇನೆ" ಎಂದು ಮಡಚಿ ತೆಗೆದುಕೊಂಡು ಹೋದರು.

ನೀವು ಮಾಡಿ:
ಮನೆಯಲ್ಲಿರುವ ಪಾಸ್ ಪುಸ್ತಕ, ಪಿ.ಎಫ್. ಕಾಗದ ತೆಗೆಯಿರಿ. "ನಾಮಿನಿ" ಎಂಬಲ್ಲಿ ಯಾರ ಹೆಸರು ಉಂಟು? ಓದಿ. ಆ ಹೆಸರನ್ನು ಇಲ್ಲಿ ಬರೆಯಿರಿ.