ನಮ್ಮ ಇಗರ್ಜಿಯ ಗೋಡೆಗಳು ಏನು ಹೇಳುತ್ತವೆ?

ಪ್ರತಿ ಭಾನುವಾರ ಬಲಿಪೂಜೆಗೆ ಹೋಗುವ ನಾವು ಇಗರ್ಜಿಯ ಗೋಡೆಗಳನ್ನು ಗಮನಿಸುವುದು ಅಪರೂಪ. ‘ಇಗರ್ಜಿ’ ಪೋರ್ಚುಗೀಸ್ ಭಾಷೆಯಿಂದ ಬಂದ ಪದ. ಅದರ ಮೂಲವಾದ ‘ಎಕ್ಲೇಸಿಯ’ ಎಂಬ ಗ್ರೀಕ್ ಪದಕ್ಕೆ ‘ಕೂಡಿದ ಜನ’ ಎಂದು ಅರ್ಥ. ಹಾಗಾಗಿ ಇಗರ್ಜಿಯ ಚರಿತ್ರೆ ಎಂದರೆ ಜನರ ಚರಿತ್ರೆಯೇ.

ಮಿಜಾರಿನವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಮೂಡುಬಿದಿರೆ ಸೀಮೆಯ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ದೇವಾಲಯವನ್ನೇ ನೆನೆಯಿರಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮಂಗಳೂರಿನ ಮಿಲಾಗ್ರಿಸ್, ಕಾರ್ಕಳದ ಸಂತ ಲಾರೆನ್ಸ್ ಮೊದಲಾದ 27 ಇಗರ್ಜಿಗಳು ನೆಲಸಮವಾದವು. ಹೊಸ್ಪೆಟ್ ಮಾತ್ರ ಉಳಿಯಿತು. ಮೂಡುಬಿದಿರೆಯ ಚೌಟ ಅರಸರು ಅದರ ಪರವಾಗಿ ನಿಂತದ್ದೇ ಕಾರಣವೆಂದು ಇತಿಹಾಸಕಾರರು ಬರೆದಿದ್ದಾರೆ. ಚೌಟರು ಜೈನರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಕಾದಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಅದೇ ಮನೆತನದವಳು. ಪೋರ್ಚುಗೀಸರ ಮೇಲಿನ ಹಳೆಯ ಹಗೆಯನ್ನು ನೆರೆಯ ಕ್ರೈಸ್ತರ ಮೇಲೆ ತೀರಿಸಿಕೊಳ್ಳದ ಆ ಅರಸರ ದೊಡ್ಡ ಮನಸ್ಸನ್ನು ನಾವು ಮರೆಯಬಾರದು. 1799ರಲ್ಲಿ ಟಿಪ್ಪು ಮಡಿದ ಮೇಲೆ, ಬದುಕುಳಿದವರು ಊರಿಗೆ ಮರಳಿ ಮತ್ತೆ ಇಗರ್ಜಿಗಳನ್ನು ಕಟ್ಟಿದರು.

ಇನ್ನು ಕಟ್ಟಡದ ಮಾತು. ಇಂಗ್ಲೆಂಡಿನ ಮಧ್ಯಯುಗದ ಹಳ್ಳಿ ಇಗರ್ಜಿಗಳನ್ನು ಆಯಾ ಊರಿನ ಕಲ್ಲು, ಮರಗಳಿಂದಲೇ ಕಟ್ಟುತ್ತಿದ್ದರು. ಬಲಿಪೀಠ ಪೂರ್ವ ದಿಕ್ಕಿಗೆ. ಜನರು ನಿಲ್ಲುವ ಉದ್ದನೆಯ ಭಾಗಕ್ಕೆ ಲ್ಯಾಟಿನಿನ ‘ಹಡಗು’ ಎಂಬ ಪದದಿಂದ ಬಂದ ಹೆಸರು. ನಮ್ಮ ಹಿರಿಯರು ಮಾಡಿದ್ದೂ ಹಾಗೆಯೇ. ನೆಲದಿಂದ ಕಡಿದ ಮುರಕಲ್ಲು, ಸುಣ್ಣದ ಗಾರೆ, ಮಳೆನೀರು ಜಾರಿಹೋಗಲು ಇಳಿಜಾರು ಮಾಡು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಇಳಿಜಾರು ಮಾಡೇ ಇದೆ, ಮಳೆಗೆ ಮತಭೇದವಿಲ್ಲ! 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಗರ್ಜಿಗಳಿಗೂ ಕೆಂಪು ಹಂಚು ಬಂತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಗೋಡೆಗೆ ತಾಗಿದ್ದ ಬಲಿಪೀಠ ಮುಂದಕ್ಕೆ ಬಂದು, ಗುರುಗಳು ಜನರಿಗೆ ಅಭಿಮುಖರಾದರು.

ಇಂದು ಅನೇಕ ಧರ್ಮಕೇಂದ್ರಗಳಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ಕೇಳಿಬರುತ್ತದೆ. ಜನ ಹೆಚ್ಚಿದಾಗ ಸ್ಥಳ ಬೇಕು, ನಿಜ. ಆದರೆ ಕೆಡವಿದ ಗೋಡೆ ಮತ್ತೆ ಬಾರದು. ಮೊದಲು ದುರಸ್ತಿ ಸಾಧ್ಯವೇ ಎಂದು ತಿಳಿದವರನ್ನು ಕೇಳಿರಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಕಲ್ಲು ಕೆಡುತ್ತದೆ ಎಂಬುದನ್ನು ನೆನಪಿಡಿರಿ. ಕೆಡವಲೇಬೇಕಾದರೆ ಅಳತೆ, ಛಾಯಾಚಿತ್ರ ತೆಗೆದಿಡಿ. ಬರಹವಿರುವ ಕಲ್ಲು, ಗಂಟೆ, ಮರದ ಕೆತ್ತನೆ, ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಜೋಪಾನ ಮಾಡಿರಿ.

ಮನೆಯಲ್ಲಿ ಮಕ್ಕಳೊಡನೆ ಮಾತನಾಡಲು:

1. ನಮ್ಮ ಇಗರ್ಜಿ ಕಟ್ಟಿದ್ದು ಯಾವಾಗ? ಅದಕ್ಕೆ ದುಡಿದವರು ಯಾರು? ಅಜ್ಜ ಅಜ್ಜಿಯರನ್ನು ಕೇಳಿರಿ.
2. ಅದರಲ್ಲಿ ಅತ್ಯಂತ ಹಳೆಯ ವಸ್ತು ಯಾವುದು?
3. ಚೌಟ ಅರಸರಂತೆ ನಾವು ಪರಧರ್ಮದ ನೆರೆಯವರ ಕಷ್ಟಕಾಲದಲ್ಲಿ ಅವರ ಪರವಾಗಿ ನಿಲ್ಲುತ್ತೇವೆಯೇ?