ಬಿಷಪ್ ಫ್ರೆಡ್ರಿಕ್ ಟೆಂಪಲರೂ ಅವರ ತಾಯಿಯೂ

"ನಾವು ಓದು ಬರಹ ಅರಿಯದವರು, ಮಕ್ಕಳಿಗೆ ಏನು ಕಲಿಸಬಲ್ಲೆವು?" ಎಂದು ನಮ್ಮ ಹಳ್ಳಿಯ ಸಭೆಗಳಲ್ಲಿ ತಂದೆತಾಯಿಗಳು ಹೇಳುವದುಂಟು. ಇಂಥವರು ಇಂಗ್ಲೆಂಡಿನ ಬಿಷಪ್ ಫ್ರೆಡ್ರಿಕ್ ಟೆಂಪಲರ ಚರಿತ್ರೆಯನ್ನು ಈ ತಿಂಗಳು ನಮ್ಮ ಸಂಗಡ ಆಲೋಚಿಸಲಿ.

ಟೆಂಪಲರು 1821ನೇ ವರುಷದಲ್ಲಿ ಹುಟ್ಟಿದರು. ತಂದೆಯು ಸೈನ್ಯದ ಅಧಿಕಾರಿಯಾಗಿದ್ದನು. ಮನೆಯಲ್ಲಿ ಮಕ್ಕಳು ಬಹಳ, ವರಮಾನ ಅಲ್ಪ. ಆದದರಿಂದ ಬಾಲಕನಿಗೆ ತಾಯಿಯಾದ ಡಾರ್ಕಸಳೇ ಪಾಠ ಹೇಳಿದಳು. ಲತೀನ್ ಭಾಷೆಯಾಗಲಿ ರೇಖಾಗಣಿತವಾಗಲಿ ಆಕೆಗೆ ತಿಳಿಯದು. ಆದರೂ ಪುಸ್ತಕವನ್ನು ಕೈಯಲ್ಲಿ ಹಿಡಿದು, ಮಗನು ಬಾಯಿಪಾಠ ಒಪ್ಪಿಸುವಾಗ ಒಂದೊಂದು ಮಾತನ್ನೂ ಅಕ್ಷರಗಳೊಂದಿಗೆ ಹೋಲಿಸಿ ನೋಡಿ, ತಪ್ಪಿದರೆ ತಿರಿಗಿ ಕಲಿಯ ಹೇಳುತ್ತಿದ್ದಳು. ಅರ್ಥವನ್ನು ಆಕೆ ಕೊಡಲಾರದೆ ಹೋದಳು, ಶ್ರದ್ಧೆಯನ್ನು ಕೊಟ್ಟಳು.

1834ರಲ್ಲಿ ತಂದೆಯು ಪಶ್ಚಿಮ ಆಫ್ರಿಕದ ಸಿಯೆರ್ರಾ ಲಿಯೋನಿನಲ್ಲಿ ಅಧಿಪತಿಯಾಗಿದ್ದಾಗ ಮರಣಹೊಂದಿದನು. ವಿಧವೆಯಾದ ತಾಯಿಗೆ ಡೆವನ್ ಸೀಮೆಯಲ್ಲಿದ್ದ ಹೊಲವೇ ಆಸರೆ. ಹುಡುಗನು ಅಲ್ಲಿ ನೇಗಿಲು ಹಿಡಿದನು, ತೆನೆ ಬಡಿದನು. ತೇಪೆ ಹಾಕಿದ ಜೋಡು ಮೆಟ್ಟಿದನು. ಆದರೆ ಹೊಲದ ಕೆಲಸಕ್ಕೋಸ್ಕರ ತಾಯಿಯು ಅವನ ಓದನ್ನು ನಿಲ್ಲಿಸಲಿಲ್ಲ. ಟಿವರ್ಟನ್ ಊರಿನ ಶಾಲೆಯಿಂದ ಅವನು ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದನು. ಅಲ್ಲಿ ಚಳಿಗೆ ಬೆಂಕಿ ಹಾಕಿಕೊಳ್ಳಲು ಹಣವಿಲ್ಲದೆ, ಮೆಟ್ಟಲ ಬಳಿಯ ದೀಪದ ಬೆಳಕಿನಲ್ಲಿ ಓದಿದನೆಂದು ಹೇಳುತ್ತಾರೆ. 1842ರಲ್ಲಿ ಪ್ರಾಚೀನ ಭಾಷೆಗಳಲ್ಲಿಯೂ ಗಣಿತದಲ್ಲಿಯೂ ಪ್ರಥಮ ವರ್ಗದಲ್ಲಿ ತೇರ್ಗಡೆಯಾದನು. ತಾಯಿಗೆ ತಿಳಿಯದಿದ್ದ ಪಾಠಗಳು ಇವೇ ಅಲ್ಲವೇ!

ಮುಂದೆ ಟೆಂಪಲರು ಬಡವರ ಮಕ್ಕಳಿಗೆ ಕಲಿಸುವ ಉಪಾಧ್ಯಾಯರನ್ನು ಸಿದ್ಧಪಡಿಸುವ ಶಾಲೆಯೊಂದಕ್ಕೆ ಮುಖ್ಯಸ್ಥರಾದರು. 1858ರಿಂದ ಪ್ರಖ್ಯಾತವಾದ ರಗ್ಬಿ ಶಾಲೆಯನ್ನು ನಡಿಸಿದರು. ಮುಪ್ಪಿನ ತಾಯಿಯನ್ನು ಅಲ್ಲಿ ತಮ್ಮ ಬಳಿಯಲ್ಲಿಯೇ ಇಟ್ಟುಕೊಂಡರು. 1866ರಲ್ಲಿ ಆಕೆ ನಿದ್ರೆಹೋದಳು. ಮಗನು 1869ರಲ್ಲಿ ಎಕ್ಸೆಟರಿನ, 1885ರಲ್ಲಿ ಲಂಡನಿನ ಬಿಷಪ್ಪನಾದದ್ದನ್ನೂ, 1896ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದದ್ದನ್ನೂ ಆಕೆ ನೋಡಲಿಲ್ಲ. ಆದರೆ ತನಗೆ ಪಾಠ ಒಪ್ಪಿಸಿದ ಬಾಲಕನು ನೂರಾರು ಬಾಲಕರ ಗುರುವಾದದ್ದನ್ನು ಕಣ್ಣಾರೆ ಕಂಡಳು.

ಉನ್ನತ ಪದವಿಯಲ್ಲಿಯೂ ಟೆಂಪಲರು ಶಾಲೆಯನ್ನು ಮರೆಯಲಿಲ್ಲ. 1902ರ ಡಿಸೆಂಬರಿನಲ್ಲಿ, ಕಣ್ಣು ಮಬ್ಬಾಗಿದ್ದ ವೃದ್ಧರು ಪ್ರಭುಗಳ ಸಭೆಯಲ್ಲಿ ವಿದ್ಯಾಭ್ಯಾಸದ ಮಸೂದೆಯ ಪರವಾಗಿ ಮಾತಾಡುತ್ತಿರುವಾಗಲೇ ಅಸ್ವಸ್ಥರಾದರು. ಆ ತಿಂಗಳ 23ರಲ್ಲಿ ತೀರಿಹೋದರು.

ಪ್ರಿಯರೇ, ದನ ಕಾಯುವದಕ್ಕೂ ಕಳೆ ಕೀಳುವದಕ್ಕೂ ಮಕ್ಕಳನ್ನು ಶಾಲೆಯಿಂದ ಬಿಡಿಸುವಾಗ ನಾವು ಈ ವಿಧವೆಯನ್ನು ನೆನಸೋಣ. ಅಕ್ಷರ ಬಾರದ ತಾಯಿಯೂ ಸಂಜೆ ದೀಪ ಹಚ್ಚಿ, ಮಗುವನ್ನು ಹತ್ತಿರ ಕೂಡಿಸಿಕೊಂಡು, "ಇಂದು ಏನು ಕಲಿತೆ? ಒಪ್ಪಿಸು" ಎಂದು ಕೇಳಬಹುದು. ಇಷ್ಟನ್ನು ಮಾಡಲು ನಮ್ಮಲ್ಲಿ ಯಾರಿಗೆ ಆಗದು?