ಲೇಸರ್ ಆಪರೇಷನ್ ಆದಮೇಲೂ ಪಥ್ಯ ಬೇಕೆ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಹತ್ತು ದಿನಗಳ ಹಿಂದೆ ಮೈಸೂರಿನಲ್ಲಿ ಬಲಗಣ್ಣಿನ ಪೊರೆಗೆ ಲೇಸರ್ ಆಪರೇಷನ್ ಮಾಡಿಸಿದೆವು. ಈಗ ಕಾಫಿ ಕೊಯ್ಲಿನ ಸಮಯ. ಕಣ ನೋಡಿಕೊಳ್ಳುವವರು ಅವರೇ. ಮನೆಗೆ ಬಂದ ನೆಂಟರು ‘ಹುಳಿ ಬೇಡ, ಪಂದಿಕರಿ ಬೇಡ, ನಲವತ್ತು ದಿನ ತಲೆಗೆ ನೀರು ಹಾಕಬೇಡಿ’ ಅನ್ನುತ್ತಾರೆ. ಅಮ್ಮ ‘ಲೇಸರ್ ತಾನೇ, ಏನಾಗುತ್ತೆ’ ಎಂದು ಕಣಕ್ಕೆ ಹೊರಡುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಮಾದಾಪುರ

ಉತ್ತರ: ಊಟದ ವಿಷಯದಲ್ಲಿ ನೆಂಟರ ಮಾತು ಬಿಡಿ, ಕಣದ ವಿಷಯದಲ್ಲಿ ಅಮ್ಮನ ಮಾತು ಬಿಡಿ.

ನೆಂಟರು ಹೇಳುವುದು ಹಳೆಯ ಕಾಲದ ಪಥ್ಯ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ದಿನಗಳಲ್ಲಿ ಪೊರೆ ತೆಗೆಯಲು ಕಣ್ಣಿನಲ್ಲಿ ದೊಡ್ಡ ಗಾಯವನ್ನೇ ಮಾಡಬೇಕಿತ್ತು. ರೋಗಿ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಬೇಕಿತ್ತು. ಈಗಿನ ಗಾಯ ಎರಡೂವರೆ ಮಿಲಿಮೀಟರಿನ ಆಸುಪಾಸು. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಹುಳಿಗೆಂದು ಕಾಚಂಪುಳಿ ಹಾಕಿದ ಪಂದಿಕರಿಗೂ ಆ ಗಾಯಕ್ಕೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದರ ಪಥ್ಯ ಮಾತ್ರ ತಪ್ಪಿಸಬೇಡಿ. ಸಕ್ಕರೆ ಏರಿದರೆ ಗಾಯ ಮಾಯುವುದು ನಿಧಾನ, ಸೋಂಕಿಗೂ ದಾರಿ.

ಇನ್ನು ಲೇಸರಿನ ಮಾತು. ಪೊರೆ ಆಪರೇಷನ್ನಿಗೆ ಈಗಿನ ಫೆಮ್ಟೋಸೆಕೆಂಡ್ ಲೇಸರ್ ಯಂತ್ರವನ್ನು ಮೊದಲು ಬಳಸಿದ್ದು 2008ರಲ್ಲಿ, ಬುಡಾಪೆಸ್ಟ್‌ನಲ್ಲಿ. ಗಾಯ ಮಾಡುವುದು, ಮಸೂರದ ಚೀಲಕ್ಕೆ ದುಂಡಗಿನ ಬಾಯಿ ಕೊರೆಯುವುದು, ಗಟ್ಟಿಯಾದ ಪೊರೆಯನ್ನು ಸೀಳುವುದು, ಇಷ್ಟು ಲೇಸರಿನ ಕೆಲಸ. ಆಮೇಲೆ ಸೀಳಿದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವುದು, ಲೇಸರಿಲ್ಲದ ಆಪರೇಷನ್ನಿನಲ್ಲೂ ಬಳಸುವ, ಶ್ರವಣಾತೀತ ತರಂಗದ ಅದೇ ಫೇಕೋ ಯಂತ್ರ. ಫ್ರಾನ್ಸಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡು ವಿಧಾನಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಹಣ ಕೊಟ್ಟಿದ್ದೇವೆಂದು ಗಾಯ ಬೇಗ ಮಾಯುವುದಿಲ್ಲ.

ಹಾಗಾಗಿ ಅಮ್ಮ ಮನೆಯೊಳಗೆ ಓಡಾಡಲಿ, ಟಿವಿ ನೋಡಲಿ, ಪೇಪರ್ ಓದಲಿ, ಕಣ್ಣು ಸವೆಯುವುದಿಲ್ಲ. ಕಣದಲ್ಲಿ ಒಣಗಿದ ಕಾಫಿ ತಿರುವಿ ಹಾಕುವಾಗ ಏಳುವ ಧೂಳು, ಸೌದೆ ಒಲೆಯ ಹೊಗೆ ಇನ್ನೆರಡು ವಾರ ಬೇಡ. ಒಲೆ ಊದುವುದಂತೂ ಬೇಡವೇ ಬೇಡ. ಲೆಕ್ಕ ಬರೆಯಲೇಬೇಕು ಎಂದರೆ ಧೂಳು ತಡೆಯುವ ಕನ್ನಡಕ ಹಾಕಿ ಜಗಲಿಯಲ್ಲಿ ಕೂರಿಸಿ. ಮೂಟೆ ಎತ್ತುವುದು ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಒಪ್ಪಿದ ಮೇಲೆ. ಕತ್ತಿನ ಕೆಳಗೆ ಸ್ನಾನಕ್ಕೆ ಅಡ್ಡಿಯಿಲ್ಲ. ತಲೆಸ್ನಾನಕ್ಕೂ ನಲವತ್ತು ದಿನ ಕಾಯಬೇಕಿಲ್ಲ. ಡಾಕ್ಟರ್ ಹೂಂ ಅಂದಮೇಲೆ ತಲೆ ಹಿಂದಕ್ಕೆ ವಾಲಿಸಿ, ಮುಖಕ್ಕೆ ನೀರು ಇಳಿಯದಂತೆ ಇನ್ನೊಬ್ಬರು ಹಾಕಲಿ. ತೋಡಿನ ನೀರು ಕಣ್ಣಿಗೆ ತಾಗಕೂಡದು.

ನಾನು ಹೆಚ್ಚು ಕೇಳುವುದು ಡ್ರಾಪ್ಸ್ ಬಗ್ಗೆ. ಎಷ್ಟೋ ಜನರ ಔಷಧಿ ಕೆನ್ನೆಯ ಮೇಲೇ ಇಳಿದು ಹೋಗುತ್ತದೆ. ಅಮ್ಮನನ್ನು ಮಲಗಿಸಿ, ಸೋಪಿನಲ್ಲಿ ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆಯಿರಿ. ಅಲ್ಲೊಂದು ಜೇಬಿನಂಥ ಜಾಗ ಕಾಣುತ್ತದೆ. ಒಂದೇ ಹನಿ ಅದರೊಳಗೆ ಬೀಳಲಿ, ಬಾಟಲಿಯ ತುದಿ ರೆಪ್ಪೆಗೂದಲಿಗೆ ಮುಟ್ಟದಿರಲಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಹಗುರವಾಗಿ ಒತ್ತಿ. ಎರಡನೇ ಔಷಧಿ ಐದು ನಿಮಿಷ ಬಿಟ್ಟು. ನೋಟ ಚೆನ್ನಾಗಿದೆಯೆಂದು ಅರ್ಧಕ್ಕೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಚೀಟಿಯಲ್ಲಿ ಬರೆದಂತೆ ಕ್ರಮೇಣ ಕಡಿಮೆ ಮಾಡುತ್ತಾ ಹೋಗಬೇಕು. ಓದುವ ಕನ್ನಡಕದ ನಂಬರನ್ನೂ ಆಮೇಲೆಯೇ ತೆಗೆಸಿ.

ಪ್ರಶ್ನೆ: ಆಪರೇಷನ್ ಆದ ಕಣ್ಣಿಗೆ ಎಲ್ಲವೂ ನೀಲಿ ನೀಲಿಯಾಗಿ ಕಾಣುತ್ತದೆ. ಮಸೂರ ತಪ್ಪಾಗಿ ಹಾಕಿದ್ದಾರೆಯೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಇಲ್ಲ. ಹಳದಿಗಟ್ಟಿದ್ದ ನಿಮ್ಮ ಹಳೆಯ ಮಸೂರ ನೀಲಿ ಬೆಳಕನ್ನು ತಡೆಯುತ್ತಿತ್ತು, ಈಗ ಆ ತಡೆ ಹೋಗಿದೆ. ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಪೊರೆ ತೆಗೆಸಿದ್ದೆ. ಮತ್ತೆ ಮಂಜು ಕವಿದಂತಾಗಿದೆ. ಪೊರೆ ಮರಳಿ ಬಂತೇ?
– ಓದುಗರು, ಸೋಮವಾರಪೇಟೆ

ಉತ್ತರ: ತೆಗೆದ ಪೊರೆ ಮತ್ತೆ ಬರುವುದಿಲ್ಲ. ಹೊಸ ಮಸೂರ ಕೂರಿಸಿದ ಚೀಲದ ಹಿಂಭಾಗ ಕೆಲವರಲ್ಲಿ ಮಬ್ಬಾಗುತ್ತದೆ. ಕಾರಣ ಅದೇ ಆಗಿದ್ದರೆ ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಸರಿಮಾಡಬಹುದು, ಕೊಯ್ಯುವುದಿಲ್ಲ. ಆದರೆ ಸಕ್ಕರೆ ಕಾಯಿಲೆ, ಅಕ್ಷಿಪಟಲದ ತೊಂದರೆಯೂ ಇರಬಹುದು, ಪರೀಕ್ಷೆ ಮಾಡಿಸಿ.

ಪ್ರಶ್ನೆ: ಆಪರೇಷನ್ ಆಗಿ ನಾಲ್ಕು ದಿನ. ಕಣ್ಣು ಕೆಂಪಾಗಿ ನೋಯುತ್ತಿದೆ. ನಂದಿಬಟ್ಟಲು ಹೂವಿನ ರಸ ಬಿಟ್ಟರೆ ತಂಪು ಅನ್ನುತ್ತಾರೆ. ಬಿಡಬಹುದೆ?
– ಓದುಗರು, ಮಾದಾಪುರ

ಉತ್ತರ: ದಯವಿಟ್ಟು ಬಿಡಬೇಡಿ. ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದೂ ಹಸಿ ಗಾಯದ ಕಣ್ಣಿಗೆ ಸಲ್ಲದು. ಮೊದಲೆರಡು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು ಸಹಜ. ದಿನೇ ದಿನೇ ಕಡಿಮೆಯಾಗಬೇಕಾದ ಕೆಂಪು, ನೋವು ಹೆಚ್ಚುತ್ತಿದ್ದರೆ, ನೋಟ ಮಂಕಾದರೆ, ಕೀವು ಬಂದರೆ ಕಣ್ಣಿನೊಳಗೆ ಸೋಂಕು ತಗುಲಿರುವ ಸಂಭವವಿದೆ. ಇದು ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ. ಮಿಂಚು ಹೊಡೆದಂತೆ, ಪರದೆ ಇಳಿದಂತೆ ಕಂಡರೆ ಅದು ಅಕ್ಷಿಪಟಲದ ತೊಂದರೆಯ ಸೂಚನೆ. ಎರಡರಲ್ಲೂ ಬೆಳಗಾಗಲಿ ಎಂದು ಕಾಯಬಾರದು. ಈ ಪತ್ರಿಕೆ ನಿಮ್ಮ ಕೈಸೇರುವವರೆಗೂ ಸುಮ್ಮನಿರಲಿಲ್ಲವೆಂದು ಭಾವಿಸುತ್ತೇನೆ. ಇಂಥದ್ದಕ್ಕೆ ಪತ್ರ ಬರೆಯಬೇಡಿ, ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆ ಹೊತ್ತಿಗೇ ಜೀಪ್ ಹಿಡಿದು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ.